ಹನ್ನೆರಡರ ಪಟ್ಟಿ

ಮಂಡ್ಯದ ನೂರಡಿ ರಸ್ತೆ, ಬೇಕರಿಯ ಮೇಲಿನ ಮಹಡಿ.
ಕೆಳಗೆ ನಾಳೆಯ ಬನ್ನು ಉಬ್ಬುತ್ತಿದೆ.
ಮೇಲೆ ನಾನು, ಒಂದು ಎ.ಸಿ., ನಾಲ್ಕು ಕಪ್ಪು ಪೆಟ್ಟಿಗೆ,
ಪರದೆಯ ಮೇಲೆ ಎಂಟು ಸಾವಿರದ ನಾನೂರ ಹನ್ನೆರಡು ಮನೆ.

ಮನೆ ಅಂದರೆ ಮನೆಯಲ್ಲ, ಸೆಷನ್ನು:
ಒಂದು ಹೆಸರು, ಒಂದು ವಿಳಾಸ, ಎಷ್ಟು ಹೊತ್ತಿಗೆ ಬಂದರು,
ಎಷ್ಟು ಇಳಿಸಿಕೊಂಡರು, ಎಷ್ಟು ಏರಿಸಿದರು.
ಏನನ್ನು ಅಂತ ಕೇಳಬೇಡಿ.
ಕೊಳವೆಯ ಗಾತ್ರ ಕಾಣುತ್ತದೆ, ನೀರಿನ ಬಣ್ಣ ಕಾಣುವುದಿಲ್ಲ.

ಮೊದಲು ಹೀಗಿರಲಿಲ್ಲ.
ಮದ್ದೂರಿನ ರೂಟರಿಗೆ ಮದ್ದೂರಿನದೇ ಲೆಕ್ಕ,
ಮಳವಳ್ಳಿಯದಕ್ಕೆ ಬೇರೆ ಪಾಸ್‌ವರ್ಡು, ಬೇರೆ ಮುನಿಸು.
ನಾಗಮಂಗಲದಲ್ಲಿ ಯಾರದೋ ವೇಗ ಏರಿಸಬೇಕೆಂದರೆ
ಕುಳ್ಳೇಗೌಡ ಬೈಕು ಹತ್ತುತ್ತಿದ್ದ,
ಹೋದವನು ಹಾಗೇ ಮಾವನ ಮನೆಯಲ್ಲಿ ಮುದ್ದೆ ಉಂಡು ಬರುತ್ತಿದ್ದ.
ಈಗ ಎಲ್ಲ ಪೆಟ್ಟಿಗೆಗಳೂ ಇಲ್ಲಿಗೇ ಮುಖ ಮಾಡಿ ಕೇಳುತ್ತವೆ:
ಇವನನ್ನು ಬಿಡಲೇ? ಎಷ್ಟು ಬಿಡಲಿ? ಎಲ್ಲಿಯವರೆಗೆ?
ಕುಳ್ಳೇಗೌಡನ ಸಿಟ್ಟು ಇನ್ನೂ ಇಳಿದಿಲ್ಲ.

"ನಿಂ ತಾತಂದೇ ಕೆಲ್ಸ ಕಣೆ, ಗುದ್ಲಿ ಇಲ್ಲ ಅಷ್ಟೆ"
ಅಂದಳು ಅವ್ವ.
ತಾತ ನೀರಗಂಟಿ, ವಿ.ಸಿ. ನಾಲೆಯ ಒಂದು ಸೀಳುಗಾಲುವೆಗೆ.
ಹೋಲಿಕೆ ನನಗೆ ಹಿಡಿಸಲಿಲ್ಲ.
ಅವನ ಕಾಲಿಗೆ ಕೆಸರಿತ್ತು, ಜಿಗಣೆಯಿತ್ತು,
ಹಣೆಯಲ್ಲಿ ಆರು ಹೊಲಿಗೆ,
ಒಬ್ಬರ ತೂಬು ಒಂದು ಗಳಿಗೆ ಮೊದಲು ಎತ್ತಿದ್ದಕ್ಕೆ.
ನನ್ನನ್ನು ಯಾರು ಹೊಡೆದಾರು?
ಬೈಯುವವರು ಫೋನಿನಲ್ಲಿ ಬೈಯುತ್ತಾರೆ,
ಅದೂ ಬೆಳಗಿನ ಪಾಳಿಯ ಸುಗುಣಳಿಗೆ.

ಬಸರಾಳಿನ ಒಂದು ಸೆಷನ್ನು
ಇನ್ನೂರ ಆರು ದಿನದಿಂದ ಎದ್ದೇ ಇದೆ.
ಒಂದು ಹನಿ ಇಳಿದಿಲ್ಲ, ಒಂದು ಹನಿ ಏರಿಲ್ಲ.
ಅರ್ಧ ನಿಮಿಷಕ್ಕೊಮ್ಮೆ ನಾವು "ಇದ್ದೀಯಾ" ಅನ್ನುತ್ತೇವೆ,
ಅದು "ಇದ್ದೀನಿ" ಅನ್ನುತ್ತದೆ.
ದುಡ್ಡು ಮಾತ್ರ ತಿಂಗಳು ತಪ್ಪದೆ.
ಕುಳ್ಳೇಗೌಡ ವಿಚಾರಿಸಿಕೊಂಡು ಬಂದ:
ಮಗು ಮಲಗುವುದು ಆ ಹಸಿರು ದೀಪ ನೋಡಿಕೊಂಡಂತೆ,
ಝೀರೋ ಬಲ್ಬು ಹಾಕಿದರೆ ಅಳುತ್ತದಂತೆ.

ಹನ್ನೆರಡಕ್ಕೆ ಪಟ್ಟಿ ಓಡುತ್ತದೆ.
ಅವಧಿ ಮುಗಿದವರು, ಈ ರಾತ್ರಿ, ನೂರ ಮೂವತ್ತೊಂದು.
ಕತ್ತರಿಸುವುದಿಲ್ಲ, ತಿರುಗಿಸುತ್ತೇವೆ;
ಸೆಷನ್ನು ಜೀವದಿಂದಿರುತ್ತದೆ,
ಯಾವ ಬಾಗಿಲು ತಟ್ಟಿದರೂ ತೆರೆಯುವುದು ಒಂದೇ ಪುಟ:
ದಯವಿಟ್ಟು ಹಣ ಪಾವತಿಸಿ.

ಹನ್ನೊಂದು ಐವತ್ತೇಳು. ಮಳವಳ್ಳಿ. ಸಾಕಮ್ಮಣ್ಣಿ ಝೆರಾಕ್ಸ್.
ಪಟ್ಟಿಯಲ್ಲಿ ತೊಂಬತ್ತನೆಯದು.
ಏನೋ ಏರುತ್ತಿದೆ ಅಲ್ಲಿಂದ,
ತಡೆದು, ನಿಂತು, ಮತ್ತೆ,
ಸಣ್ಣ ತೂಬಿನಲ್ಲಿ ದೊಡ್ಡದೊಂದು.
ಅರ್ಜಿಯೋ, ಬೀಗರೂಟದ ವಿಡಿಯೋವೋ,
ಮೈಸೂರಿನ ಡಾಕ್ಟರು ಕಾಯುತ್ತಿರುವ ಸ್ಕ್ಯಾನಿಂಗೋ.
ಈ ಹೊತ್ತಿನಲ್ಲಿ ಝೆರಾಕ್ಸ್ ಅಂಗಡಿಯ ಷಟರು
ಸುಮ್ಮನೆ ತೆರೆದಿರುವುದಿಲ್ಲ.
ಬೀಗರೂಟವೂ ಇರಬಹುದು.

"ಗದ್ದೆ ಕುಡೀತಿರ್ವಾಗ ತೂಬು ಮುಚ್ಬಾರ್ದು ಕಣವ್ವ,
ಉಣ್ಣೋ ಎಲೆ ಮುಂದಿಂದ ಎಬ್ಬಿಸ್ದಂಗೆ."
ಹಾಗೆಂದವನೇ ಹೊತ್ತಾದರೆ ಮುಚ್ಚುತ್ತಿದ್ದ,
ಹುಲ್ಲು ತುರುಕಿ, ಮಣ್ಣು ಮೆತ್ತಿ,
ಹಿಂದಿನಿಂದ ಬರುವ ಬೈಗುಳಕ್ಕೆ ಬೆನ್ನು ಕೊಟ್ಟು.
ಎಷ್ಟು ಸಲ ಮುಚ್ಚಿದ, ಎಷ್ಟು ಸಲ ಕಾದ,
ಲೆಕ್ಕವಿಟ್ಟವರಿಲ್ಲ.

ನನ್ನದಕ್ಕೆ ಲೆಕ್ಕವಿದೆ.
ಅರ್ಧ ಗಂಟೆ ಮುಂದೂಡಿದೆ. ಯಂತ್ರ ಕೇಳಿತು: ಕಾರಣ?
ಖಾಲಿ ಬಿಟ್ಟರೆ ಮುಂದೆ ಹೋಗುವುದಿಲ್ಲ.
ಬರೆದೆ: ಗದ್ದೆ ಇನ್ನೂ ಕುಡೀತಿದೆ.

ನೂರ ಮೂವತ್ತು ಮನೆ ತಿರುಗಿದವು, ಸದ್ದಿಲ್ಲದೆ.
ಹನ್ನೆರಡು ಹತ್ತೊಂಬತ್ತಕ್ಕೆ ಮಳವಳ್ಳಿಯ ಗೆರೆ ಚಪ್ಪಟೆಯಾಯಿತು.
ಮುಗಿಯಿತೋ, ಬೇಸತ್ತು ಎದ್ದು ಹೋದರೋ.
ಅದನ್ನೂ ತಿರುಗಿಸಿದೆ.

ಬೆಳಿಗ್ಗೆ ಆರಾಧ್ಯರು ಕನ್ನಡಕ ಏರಿಸಿ ಕೇಳಿದರು,
"ಗದ್ದೆ? ಇದ್ಯಾವ ಕೋಡಮ್ಮ?"
"ತಪ್ಪಾಯ್ತು ಸಾರ್," ಎಂದು "ತಾಂತ್ರಿಕ" ಅಂತ ತಿದ್ದಿದೆ.
ಯಂತ್ರ ಹೊಸದನ್ನು ತೆಗೆದುಕೊಂಡಿತು,
ಹಳೆಯದನ್ನೂ ಕೆಳಗೆ ಬೂದು ಅಕ್ಷರದಲ್ಲಿ ಇಟ್ಟುಕೊಂಡಿತು.

ಇಳಿದು ಬಂದೆ.
ಬನ್ನು ಬಿಸಿಯಿತ್ತು, ಎರಡು ಕಟ್ಟಿಸಿಕೊಂಡೆ.