ಮೇಲು ಯಾವುದು

ಶಿವರಾಂಪೇಟೆಯ ನನ್ನ ಕಟ್ಟಿನಂಗಡಿಗೆ
ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ತಂದಿದ್ದರು
ದೊಡ್ಡಾಸ್ಪತ್ರೆಯ ನರ್ಸಾಗಿದ್ದ ಸೆಲೀನಮ್ಮ.
"ವಾರ್ಡಿನಲ್ಲಿದ್ದವರೊಬ್ಬರು ಬಿಟ್ಟುಹೋದದ್ದು.
ಕಟ್ಟು ಹಾಕಿ ಕೊಡಿ. ತೇಗವೇ ಇರಲಿ."

ಹದಿನೆಂಟಿಂಚು, ಹದಿನೆಂಟಿಂಚು. ಚೌಕ.
ಸಹಿ ಇಲ್ಲ, ತಾರೀಖಿಲ್ಲ.
ನೀಲಿ: ಬಟ್ಟೆನೀಲಿಯ ಹನಿ ಬಕೆಟ್ಟಿಗೆ ಬಿದ್ದು
ಕರಗುವ ಮುಂಚೆ ಒಂದು ಗಳಿಗೆ
ಹೊಗೆಯಾಗುತ್ತದಲ್ಲ, ಆ ನೀಲಿ.
ಅದರೊಳಗೊಂದು ಏಣಿ, ಎರಡು ತುದಿಯೂ ಎಲ್ಲಿಗೂ ಮುಟ್ಟದ್ದು.
ಒಂದು ಕಬ್ಬಿಣದ ಮಂಚ. ಅದರ ಮೇಲೆ ಟಾಂಗಾ ಕುದುರೆ,
ಮಲಗಿಲ್ಲ, ನಿಂತಿಲ್ಲ.
ದೂರಕ್ಕೊಂದು ಬಿಳುಪು.

ಕೊಂಡಿ ಹೊಡೆಯಬೇಕು. ಮೇಲು ಯಾವುದು?

ಡ್ರಾಯಿಂಗ್ ಮೇಷ್ಟ್ರು ನಂಜರಾಜೇ ಅರಸರು
ಕನ್ನಡಕ ಒರೆಸಿಕೊಂಡರು:
"ಏಣಿ ಅಂದರೆ ಆತ್ಮ ಕಣಯ್ಯ, ಕುದುರೆ ಕಾಮ,
ಬಿಳುಪು ಪೂರ್ಣ. ಹೀಗಿಡು."
ಹೀಗಿಟ್ಟೆ. ಬಿಳುಪು ಚಂದ್ರನಾಯಿತು,
ಚಿತ್ರಕ್ಕೊಂದು ನೆಮ್ಮದಿ ಬಂತು, ಕ್ಯಾಲೆಂಡರಿನ ನೆಮ್ಮದಿ.

ಟೀ ತಂದ ರಾಚಪ್ಪ ಸುಮ್ಮನೆ ತಿರುಗಿಸಿದ.
ಬಿಳುಪು ಕೆಳಗಿಳಿದು ಬಾವಿಯಾಯಿತು,
ಕುದುರೆ ಬೀಳತೊಡಗಿತು,
ನನ್ನ ಹೊಟ್ಟೆಯಲ್ಲೂ ಏನೋ ಜಾರಿತು.
ಅದೇ ಬಣ್ಣ, ಅದೇ ಗೆರೆ.

ಪಕ್ಕಕ್ಕೆ ಮಲಗಿಸಿದರೆ ಏಣಿಯೇ ಹಳಿ,
ಚಾಮರಾಜನಗರದ ಕೊನೆಯ ಗಾಡಿ ಹೋದ ಮೇಲೆ
ಒಬ್ಬರೂ ಇಲ್ಲದ ಹಳಿ.

ಸಂಜೆ ಸೆಲೀನಮ್ಮ ಬಂದಾಗ ಕೇಳಿದೆ.
ನಕ್ಕರು, ನಗಬಾರದ ಜಾಗದಲ್ಲಿ ನಕ್ಕಂತೆ.
"ಅವರು ಎದ್ದು ಕೂತದ್ದೇ ಇಲ್ಲವಲ್ಲ.
ರಟ್ಟನ್ನು ಮುಖದ ಮೇಲೆ ನಾನು ಹಿಡಿದಿರುತ್ತಿದ್ದೆ,
ಅವರು ಬರೆಯುತ್ತಿದ್ದರು. ಕೆನ್ನೆಗೆ ಬಣ್ಣ ಹನಿದರೆ
ಒರೆಸಬೇಡಿ ಅನ್ನುತ್ತಿದ್ದರು.
ರಾತ್ರಿಪಾಳಿ. ತೋಳು ಸೋತಾಗ
ಮಂಚದ ಈ ಕಡೆಯಿಂದ ಆ ಕಡೆಗೆ ಹೋಗುತ್ತಿದ್ದೆ.
ಮೇಲು ಯಾವುದೋ, ನನಗೇನು ಗೊತ್ತು?"

ಕುದುರೆ?
"ಅದನ್ನು ಕೇಳಲಿಲ್ಲ."

ಬಿಳುಪು?
ನರೆತ ತಲೆಯ ಮೇಲೆ ಈಗಿಲ್ಲದ ಟೋಪಿಯನ್ನು
ಸರಿಮಾಡಿಕೊಂಡರು. ಉತ್ತರ ಕೊಡಲಿಲ್ಲ.

ಅವರು ಹೋದ ಮೇಲೆ ಷಟರ್ ಅರ್ಧ ಎಳೆದು
ಮರದ ಹೊಟ್ಟಿನ ನೆಲದಲ್ಲಿ ಅಂಗಾತ ಮಲಗಿ
ಚಿತ್ರವನ್ನು ಮುಖದ ಮೇಲೆ ಎತ್ತಿ ಹಿಡಿದೆ.
ಆಗ ಕಂಡಿತು ಕುದುರೆಯ ಕಣ್ಣಪಟ್ಟಿ:
ಬಿಚ್ಚಿದ್ದು, ಕೊರಳಿಗೆ ಜೋತದ್ದು.
ಬೆಳಗಿನಿಂದ ನೋಡುತ್ತಿದ್ದೆ, ಕಂಡಿರಲಿಲ್ಲ.

ತೋಳು ನೋಯುವವರೆಗೆ ಹಾಗೇ ಇದ್ದೆ.
ಎದ್ದು, ನಾಲ್ಕು ಬದಿಗೂ ಕೊಂಡಿ ಹೊಡೆದೆ.
ಬಿಲ್ಲಿನಲ್ಲಿ ಒಂದರ ದುಡ್ಡು ಮಾತ್ರ ಬರೆದೆ.