ತರಿ

ವೋಲ್ಫೆನ್ನಿನ ಅಡುಗೆಮನೆ. ಗೋಡೆಗೆ ಬಿಳಿ ಮೇಜುವಸ್ತ್ರ.
ರೋಸ್ವಿತಾ ಎಂಟು ಮಿಲಿಮೀಟರಿನ ಮೂರು ಸುರುಳಿ ಓಡಿಸುತ್ತಾಳೆ:
ಒಂದೇ ದಿನ, ನೀರು ತುಂಬಿದ ಅದೇ ಹಳೇ ಕಲ್ಲಿದ್ದಲ ಗಣಿ,
ದಡದಲ್ಲಿ ಈಜು ಬಾರದ ಗಂಡ.

ಐವತ್ತರ ಫಿಲ್ಮು ಚಿರೋಟಿ ರವೆ;
ಮೊಣಕಾಲಿನ ತರಚುಗಾಯಕ್ಕೂ ಅಂಚಿದೆ.
ಇನ್ನೂರರದು ಉಪ್ಪಿಟ್ಟಿನ ರವೆ, ಪರವಾಗಿಲ್ಲ.
ಮುಸ್ಸಂಜೆಯ ಐನೂರರದು ಬರೀ ನುಚ್ಚು:
ನೀರು ಕುದಿಯುತ್ತದೆ, ಆಕಾಶವೂ,
ಅವನ ಮುಖಕ್ಕೆ ನೊಣ ಮುತ್ತಿದ ಹಾಗೆ.

"ಇದೊಂದು ಕೆಟ್ಟಿತಲ್ಲ," ಎಂದೆ.
ಇಪ್ಪತ್ತಾರು ವರ್ಷ ಕಾರ್ಖಾನೆಯ ಕಗ್ಗತ್ತಲಲ್ಲಿ
ಗೋಡೆ ಸವರಿ ನಡೆಯುತ್ತ ಫಿಲ್ಮಿಗೆ ಬೆಳ್ಳಿ ಬಳಿದವಳು
ಕಾಫಿಗೆ ಸಕ್ಕರೆ ಕದಡುತ್ತ ಕುಳಿತಳು.

"ಮೊದಲೆರಡರಲ್ಲಿ ಲೋಟಾರ್ ಸುಮ್ಮನೆ ನಿಂತಿದ್ದಾನೆ.
ಇದರಲ್ಲಿ ನೋಡು,
ನೀರಿಗೆ ಹೆದರಿ ನಡುಗುತ್ತಿದ್ದಾನೆ, ಇನ್ನೂ."

ಮತ್ತೆ ನುಚ್ಚನ್ನೇ ಹಾಕಿದಳು.