ಸೊನ್ನೆ ಒಂದು, ಸೊನ್ನೆ ಒಂದು

ಹೊಸ ವರ್ಷದ ದಿನ ಬೆಳಗ್ಗೆ ಏಳಕ್ಕೆ
ಪರಶುರಾಂಪುರದ ಆಚೆ, ನಮ್ಮ ಹಟ್ಟಿಯಲ್ಲಿ
ಒಟ್ಟಿಗೇ ಕುಂಯ್ ಅನ್ನುತ್ತವೆ ಫೋನುಗಳು:
ಎಲೆಯಡಿಕೆ ಚೀಲದೊಳಗೆ, ಗೋಡೆಯ ಗೂಡಿನಲ್ಲಿ,
ರೊಪ್ಪದ ಗೂಟಕ್ಕೆ ತೂಗುಹಾಕಿದ ಟವೆಲಿನ ಗಂಟಿನಲ್ಲಿ.
ಬ್ಯಾಂಕಿನವರು ಇಡೀ ಹಟ್ಟಿಗೆ
ಹುಟ್ಟುಹಬ್ಬದ ಶುಭಾಶಯ ಕೋರಿದ್ದಾರೆ.

“ದುಡ್ಡೇನಾದ್ರೂ ಬಿತ್ತಾ ನೋಡಪ್ಪ,” ಫೋನು ಚಾಚುತ್ತಾನೆ ಕಾಟಯ್ಯ.
ಇಲ್ಲಜ್ಜ, ನೀನು ಹುಟ್ಟಿದ್ದು ಇವತ್ತಂತೆ.
“ಯಾವನು ಅಂದೋನು?”

ನಾನೇ.

ಹನ್ನೆರಡು ವರ್ಷದ ಹಿಂದೆ
ಶಾಲೆಯ ಮೂರನೇ ತರಗತಿ ಕೋಣೆಯಲ್ಲಿ
ದಿನಗೂಲಿಗೆ, ಬಾಡಿಗೆ ಲ್ಯಾಪ್‌ಟಾಪಿನ ಮುಂದೆ ಕೂತು
ಕೇಳಿದ್ದೆ: ಹುಟ್ಟಿದ ದಿನ?
ಕಂಬಳಿಹುಳ ಬಿದ್ದ ವರ್ಷ, ಅಂದ ಕಾಟಯ್ಯ.
ಹಳ್ಳ ಬಂದು ಕುರಿ ಕೊಚ್ಚಿಹೋದ ರಾತ್ರಿ, ಅಂದಳು ಇನ್ನೊಬ್ಬಳು.
ಖಾನೆಯಲ್ಲಿ ಎಂಟು ಅಂಕಿಗೆ ಮಾತ್ರ ಜಾಗ,
ಜನರೇಟರಿನಲ್ಲಿ ಎರಡು ಲೀಟರ್ ಡೀಸೆಲ್.
ಮುಖ ನೋಡಿದೆ, ಹಲ್ಲು ನೋಡಿದೆ
ಸಂತೆಯಲ್ಲಿ ಕುರಿ ಕೊಳ್ಳುವವರ ಹಾಗೆ,
ವರ್ಷ ಅಂದಾಜು ಮಾಡಿದೆ,
ಉಳಿದದ್ದಕ್ಕೆ ಸೊನ್ನೆ ಒಂದು, ಸೊನ್ನೆ ಒಂದು.
ಹೊತ್ತು ಮುಳುಗುವುದರೊಳಗೆ
ಇನ್ನೂರ ಹನ್ನೊಂದು ಜನರನ್ನು ಹುಟ್ಟಿಸಿದೆ.
ಒಬ್ಬರೂ ಅಳಲಿಲ್ಲ.

ಈಗ ಗ್ರಾಮ ಒನ್ ನನ್ನದು.
ಪಹಣಿ, ಜಾತಿ, ಆದಾಯ, ಕರೆಂಟು ಬಿಲ್ಲು.
ಸೋಮವಾರ ಸೂಲಗಿತ್ತಿ ಕ್ಯಾತಜ್ಜಿ ಬಂದಳು
ತಂಗಿ ಜುಂಜಮ್ಮನನ್ನು ಸಾಕ್ಷಿಗೆ ಎಳೆದುಕೊಂಡು.
“ಇವಳ್ನ ಸೊಂಟದ ಮ್ಯಾಲೆ ಹೊತ್ತು ಆಡಿಸಿದೋಳು ನಾನು.
ಇವಳಿಗೆ ಎರಡು ವರ್ಷದಿಂದ ಪಿಂಚಣಿ ಬರ್ತೈತೆ.
ನನಗಿನ್ನೂ ವಯಸ್ಸಾಗಿಲ್ವಂತೆ.
ಯಾವಾಗ ಆಗ್ತೀನಪ್ಪಾ ಮುದುಕಿ?”

ಪರದೆಯ ಮೇಲೆ ಅವಳಿಗೆ ಐವತ್ತೊಂಬತ್ತು.
ಕೆಳಗೆ ಕೆಂಪಕ್ಷರ: ಅರ್ಹರಲ್ಲ.
ನೆನಪಾಯಿತು.
ಆವತ್ತು ಅವಳಿಗೆ ಬಾಯಿ ತುಂಬ ಹಲ್ಲು,
ಜುಂಜಮ್ಮನದು ಆಗಲೇ ಬೊಚ್ಚು ಬಾಯಿ.

ತಿದ್ದಬೇಕಾದರೆ ದಾಖಲೆ ಬೇಕಜ್ಜಿ.
“ದಾಖಲೆ ಅಂದ್ರೆ?”
ಯಾರು ಯಾವಾಗ ಹುಟ್ಟಿದರು ಅಂತ ಇರೋದು.

ಅವಳು ಬೆಂಚಿನ ಮೇಲೆ ಕಾಲು ಮಡಚಿ ಕೂತಳು.
ಸರದಿಯಲ್ಲಿ ನಿಂತವರ ಕಡೆ ಬೆರಳು ಮಾಡಿ,
“ಇವನು ಶೇಂಗಾ ಕೀಳೋವಾಗ, ಅಮಾಸೆ ಮುಂದಲ ಶುಕ್ರವಾರ,
ಕಾಲು ಮುಂದಾಗಿ ಬಂದ.
ಇವಳು ಕೋಳಿ ಕೂಗೋ ಹೊತ್ತು, ಗುಡ್ಲಿನಾಗೆ, ಸೀಮೆಎಣ್ಣೆ ತೀರಿತ್ತು.
ನೀನು...”

ಕೀಬೋರ್ಡಿನಿಂದ ಕೈ ತೆಗೆದೆ.

“ನೀನು ಹುರುಳಿ ಬಡಿಯೋ ಕಾಲ. ಬೆಳತನಕ ಸತಾಯಿಸಿದೆ.
ಬಂದ ಮ್ಯಾಲೆ ಉಸಿರೇ ಇಲ್ಲ.
ಕಾಲು ಹಿಡಿದು ತಲೆಕೆಳಗು ಮಾಡಿ ಎರಡು ಬಾರಿಸಿದೆ,
ಆಮ್ಯಾಕೆ ಅತ್ತೆ.”
ಸರದಿ ನಕ್ಕಿತು. ಜೆರಾಕ್ಸಿನ ಹುಡುಗನೂ.

ಚಳ್ಳಕೆರೆ ಆಸ್ಪತ್ರೆಯಲ್ಲಿ ವಯಸ್ಸು ಬರೆದುಕೊಟ್ಟರೆ ನೋಡೋಣ, ಅಂದೆ.
“ಅವರೇನು ನೋಡ್ತಾರೆ?”
ಹಲ್ಲು, ಇರಬಹುದು.
ಬಾಯಿ ತೆರೆದು ತೋರಿಸಿದಳು.
ಮೂರಿದ್ದವು.

ಅಲ್ಲಿಯ ತನಕ ಮನವಿಯಾದರೂ ಹಾಕೋಣ ಅಂತ
ಅವಳನ್ನು ಆವತ್ತು ಕೇಳಬೇಕಿದ್ದ ಹಾಗೆ, ನಿಧಾನವಾಗಿ, ಕೇಳಿದೆ:
ನೀನು ಹುಟ್ಟಿದ್ದು ಯಾವಾಗಜ್ಜಿ?

ಅಷ್ಟೂ ಹಟ್ಟಿಯ ಲೆಕ್ಕ ಒಪ್ಪಿಸಿದವಳು
ಸುಮ್ಮನಾದಳು.
ಸೆರಗಿನ ತುದಿ ಬೆರಳಿಗೆ ಸುತ್ತಿದಳು, ಬಿಚ್ಚಿದಳು.
“ನನ್ನ ಹಿಡಿದೋಳು ನನ್ನ ಸೋದರತ್ತೆ ಕಣಪ್ಪ.
ಅವಳು ಹೋಗಿ ಯಾವ ಕಾಲ ಆತು.
ಆ ಜನವರಿನೇ ಇರ್ಲಿ, ಎಲ್ಲರ ಜೊತೆಗಾತು.
ವರ್ಷ ಮಾತ್ರ ಒಂದೀಟು ಹಿಂದಕ್ಕೆ ತಳ್ಳು.”

ತಳ್ಳಿದೆ. ಸಲ್ಲಿಸು ಒತ್ತಿದೆ.
ಪರದೆಯ ನಡುವೆ ದುಂಡಗಿನ ಗೆರೆ
ಸುತ್ತುತ್ತದೆ, ಸುತ್ತುತ್ತದೆ.
ಸರದಿ ಗೊಣಗುತ್ತದೆ, ನಾನು ಮೌಸನ್ನು ಕುಟ್ಟುತ್ತೇನೆ.
ಕ್ಯಾತಜ್ಜಿ ಕುರ್ಚಿಯ ಹಿಂದೆ ಬಂದು ನಿಂತು
ಕಣ್ಣು ಕಿರಿದು ಮಾಡಿ ನೋಡಿದಳು,
ನನ್ನ ಭುಜ ಅದುಮಿದಳು.
“ಅವಸರ ಮಾಡಬ್ಯಾಡ ತಡಿ.
ನೋವು ಇನ್ನೂ ಹತ್ತಿಲ್ಲ ಇದಕ್ಕೆ.”